ತಿಥಿ ನೋಡಿ ಹೊರಡಬೇಕಾದ ಹಕ್ಕಿಯಾತ್ರೆ

ಕರಾವಳಿಗೆ ಹಕ್ಕಿ ನೋಡಲು ಹೋಗುವವರು ಸಾಮಾನ್ಯವಾಗಿ ಡಿಸೆಂಬರ್ ರಜೆಗೆ ಕಾಯುತ್ತಾರೆ. ಅಷ್ಟರಲ್ಲಿ ಮಳೆ ಪೂರ್ತಿ ಹಿಂದೆ ಸರಿದಿರುತ್ತದೆ, ವಲಸೆ ಬಂದ ಹಕ್ಕಿಗಳೂ ತಂತಮ್ಮ ಜಾಗ ಹಿಡಿದು ನೆಲೆಯಾಗಿರುತ್ತವೆ. ಅನುಕೂಲದ ಲೆಕ್ಕದಲ್ಲಿ ಇದು ಸರಿಯೇ. ಆದರೂ ವರ್ಷಕ್ಕೆ ಒಂದೇ ಸಲ ಹೋಗಲು ಸಾಧ್ಯವಿರುವವರಿಗೆ ನಾನು ಹೇಳುವುದು ಇಷ್ಟು: ಡಿಸೆಂಬರ್ ಬಿಡಿ, ಮಳೆ ಬಿಟ್ಟು ಬಿಟ್ಟು ಸುರಿಯುವ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಹೋಗಿ. ಆಗ ಹಕ್ಕಿಯ ಗರಿ ನೋಡಿ ಅದು ದೊಡ್ಡದೋ ಮರಿಯೋ ಹೇಳಬಹುದು. ಅದು ಹುಟ್ಟಿದ ಕಡೆ ಈ ವರ್ಷದ ಬೇಸಿಗೆ ಹೇಗಿತ್ತು ಎಂದೂ ಊಹಿಸಬಹುದು. ಮೂರು ತಿಂಗಳು ತಡವಾದರೆ ಆ ಗುರುತೆಲ್ಲ ಅಳಿಸಿಹೋಗಿರುತ್ತದೆ.

ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ಹಕ್ಕಿಯನ್ನೇ ತೆಗೆದುಕೊಳ್ಳಿ. ಮೈತೂಕ 60 ಗ್ರಾಂ ಆಸುಪಾಸು, ತುದಿಯಲ್ಲಿ ಕೆಳಕ್ಕೆ ಬಾಗಿದ ಉದ್ದ ಕೊಕ್ಕು. ಇದು ಮೊಟ್ಟೆ ಇಡುವುದು ಸೈಬೀರಿಯಾದ ಉತ್ತರದಂಚಿನ ಟುಂಡ್ರಾ ಬಯಲಲ್ಲಿ ಮಾತ್ರ. ಜೂನಿನಲ್ಲಿ ಜೋಡಿಯಾದ ಮೇಲೆ ಗಂಡಿಗೆ ಅಲ್ಲಿ ಕೆಲಸ ಉಳಿಯುವುದಿಲ್ಲ. ಜುಲೈ ಮೊದಲಲ್ಲೇ ದಕ್ಷಿಣಕ್ಕೆ ಹೊರಟುಬಿಡುತ್ತದೆ. ಹೆಣ್ಣು ಒಂಟಿಯಾಗಿ ಕಾವು ಕೊಟ್ಟು, ಮರಿಗಳು ತಮ್ಮ ಕಾಲ ಮೇಲೆ ನಿಲ್ಲುವವರೆಗೆ ಜೊತೆಗಿದ್ದು, ಆಮೇಲೆ ತಾನೂ ಹೊರಡುತ್ತದೆ. ಕೊನೆಗೆ ಉಳಿಯುವುದು ಮರಿಗಳು. ದಾರಿ ತೋರಿಸಲು ಹಿರಿಯರು ಯಾರೂ ಇಲ್ಲ. ಹುಟ್ಟಿ ಎರಡು ತಿಂಗಳಾಗುವ ಮೊದಲೇ ಅವು ಹಿಂದೆಂದೂ ನೋಡದ ಕಡಲದಂಡೆಯತ್ತ ಹಾರುತ್ತವೆ. ಯಾವ ದಿಕ್ಕಿಗೆ ಹಾರಬೇಕು, ಸುಮಾರು ಎಷ್ಟು ಕಾಲ ಹಾರಬೇಕು ಎಂಬುದು ಹುಟ್ಟಿನಿಂದಲೇ ಅವುಗಳೊಳಗೆ ಇದೆ. ವಿಜ್ಞಾನ ಇದನ್ನು ಎಷ್ಟೇ ವಿವರಿಸಿದರೂ ನನಗೆ ಇದರ ಬೆರಗು ಕಡಿಮೆಯಾಗಿಲ್ಲ.

ನಮ್ಮ ಕರಾವಳಿಗೂ ಅವು ಇದೇ ಸರದಿಯಲ್ಲಿ ಬಂದಿಳಿಯುತ್ತವೆ. ಆಗಸ್ಟಿನಲ್ಲಿ ಬರುವ ದೊಡ್ಡ ಹಕ್ಕಿಗಳ ಎದೆಯ ಮೇಲೆ ಸಂತಾನಕಾಲದ ಇಟ್ಟಿಗೆಗೆಂಪು ಇನ್ನೂ ತೇಪೆತೇಪೆಯಾಗಿ ಉಳಿದಿರುತ್ತದೆ, ಗರಿಗಳು ಸವೆದು ಹರಕಾಗಿರುತ್ತವೆ. ಸೆಪ್ಟೆಂಬರಿನಲ್ಲಿ ಬರುವ ಮರಿಗಳದ್ದು ಹೊಚ್ಚಹೊಸ ಗರಿ. ಬೆನ್ನಿನ ಒಂದೊಂದು ಗರಿಗೂ ತೆಳು ಬಿಳಿಯ ಅಂಚಿದ್ದು ಮೀನಿನ ಹುರುಪೆ ಜೋಡಿಸಿದ ಹಾಗೆ ಕಾಣುತ್ತದೆ, ಎದೆಗೆ ನಸು ಕಂದು ಛಾಯೆ. ಒಳ್ಳೆಯ ಬೈನಾಕ್ಯುಲರ್ ಇದ್ದರೆ ಮೊದಲ ಸಲ ನೋಡುವವರೂ ಎರಡನ್ನೂ ಬೇರೆ ಮಾಡಬಹುದು. ಡಿಸೆಂಬರಿನ ಹೊತ್ತಿಗೆ ಎಲ್ಲಕ್ಕೂ ಒಂದೇ ಬೂದುಬಣ್ಣ. ದೂರದಿಂದ ವಯಸ್ಸು ಹೇಳುವುದು ಅನುಭವಿಗಳಿಗೂ ಕಷ್ಟ.

ವಯಸ್ಸು ಗುರುತಿಸಿ ಏನು ಪ್ರಯೋಜನ? ಉತ್ತರ ಸೈಬೀರಿಯಾದ ಲೆಮ್ಮಿಂಗ್ ಎಂಬ ಇಲಿಜಾತಿಯ ಪುಟ್ಟ ಪ್ರಾಣಿಯಲ್ಲಿದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಟುಂಡ್ರಾದಲ್ಲಿ ಲೆಮ್ಮಿಂಗ್‌ಗಳು ವಿಪರೀತ ಹೆಚ್ಚುತ್ತವೆ, ಮರುವರ್ಷ ಒಮ್ಮೆಲೇ ಕುಸಿಯುತ್ತವೆ. ಹೆಚ್ಚಿದ್ದಾಗ ಆರ್ಕ್ಟಿಕ್ ನರಿಗೆ ಅವುಗಳೇ ಊಟ. ಕುಸಿದಾಗ ನರಿ ಹಕ್ಕಿಗಳ ಮೊಟ್ಟೆ ಮರಿಗಳನ್ನು ಹುಡುಕುತ್ತದೆ. ಅಂಥ ವರ್ಷ ಕರ್ಲ್ಯೂ ಸ್ಯಾಂಡ್‌ಪೈಪರ್ ಮರಿಗಳು ಬದುಕುವುದೇ ಅಪರೂಪ. ದಕ್ಷಿಣ ಆಫ್ರಿಕಾದ ದಂಡೆಗಳಲ್ಲಿ ಈ ಹಕ್ಕಿಗಳ ಮರಿ–ದೊಡ್ಡವುಗಳ ಪ್ರಮಾಣವನ್ನು ವರ್ಷಗಟ್ಟಲೆ ಅಳೆದ ವಿಜ್ಞಾನಿಗಳಿಗೆ ಅದರಲ್ಲಿ ಸೈಬೀರಿಯಾದ ಲೆಮ್ಮಿಂಗ್‌ಗಳ ಏರಿಳಿತ ಕಂಡಿತು. ಕುಮಟಾದ ಕೆಸರಿನ ಅಂಚಿನಲ್ಲಿ ನಿಂತು ಒಂದು ಹಿಂಡಿನಲ್ಲಿ ಮರಿಗಳೆಷ್ಟು, ದೊಡ್ಡವೆಷ್ಟು ಎಂದು ಬರೆದುಕೊಳ್ಳುವವರೂ ಇದೇ ಬಗೆಯ ಮಾಹಿತಿ ಸಂಗ್ರಹಿಸುತ್ತಿರುತ್ತಾರೆ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಅದು ತುಂಬಾ ಮುಖ್ಯವಾದ ಕೆಲಸ. ಆದರೆ ಜನವರಿಯ ಎಣಿಕೆ ಎಷ್ಟು ಹಕ್ಕಿ ಇವೆ ಎಂದು ಹೇಳುತ್ತದೆ. ಆ ವರ್ಷ ಎಷ್ಟು ಮರಿ ಉಳಿದವು ಎಂಬುದಕ್ಕೆ ಶರತ್ಕಾಲದಲ್ಲೇ ನೋಡಬೇಕು.

ಎಲ್ಲವೂ ಸೈಬೀರಿಯಾದಿಂದಲೇ ಬರುವುದಿಲ್ಲ. ದಂಡೆಯಲ್ಲಿ ಗುಂಪುಗುಂಪಾಗಿ ಓಡಾಡುವ ಬೂದು ಬೆನ್ನಿನ ಪುಟ್ಟ ಸ್ಯಾಂಡ್ ಪ್ಲೋವರ್‌ಗಳು ಗೂಡು ಕಟ್ಟುವುದು ಲಡಾಖ್ ಮತ್ತು ಟಿಬೆಟ್‌ನಲ್ಲಿ, 4000 ಮೀಟರಿಗೂ ಎತ್ತರದ ಬೋಳು ಬಯಲುಗಳಲ್ಲಿ. ಅಲ್ಲಿಂದ 2000 ಕಿಲೋಮೀಟರಿಗೂ ಹೆಚ್ಚು ಹಾರಿ ಸಮುದ್ರಮಟ್ಟಕ್ಕೆ ಇಳಿಯುತ್ತವೆ.

ಜಾಗದ ಆಯ್ಕೆಗೆ ನಮ್ಮಲ್ಲಿ ಬರವಿಲ್ಲ. ಕಾರವಾರದ ಕಾಳಿ, ಹೊನ್ನಾವರದ ಶರಾವತಿ, ಉಡುಪಿ ಬಳಿ ಕೋಡಿಬೇಂಗ್ರೆ, ಮಂಗಳೂರಿನ ನೇತ್ರಾವತಿ, ಎಲ್ಲ ಅಳಿವೆಗಳಲ್ಲೂ ಹಕ್ಕಿ ಇವೆ. ನಾನು ಮೊದಲು ಹೇಳುವ ಹೆಸರು ಅಘನಾಶಿನಿ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲು ಸೇರುವ ಈ ನದಿಗೆ ಎಲ್ಲೂ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಘಟ್ಟದಿಂದ ಬರುವ ಮಣ್ಣು ತಡೆಯಿಲ್ಲದೆ ಅಳಿವೆಗೆ ತಲುಪುತ್ತದೆ. ಆ ಮಣ್ಣೇ ಕೆಸರುಬಯಲಾಗಿ ಹರಡುತ್ತದೆ, ಅದರಲ್ಲಿ ಹುಳು, ಏಡಿ, ಚಿಪ್ಪಿ ಬೆಳೆಯುತ್ತವೆ. ಈ ಕೆಸರಿನಲ್ಲಿ ಬಳಚು ಎಂಬ ಚಿಪ್ಪಿ ಆರಿಸಿ ಜೀವನ ನಡೆಸುವ ಕುಟುಂಬಗಳು ಅನೇಕ. ಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರು ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಣೆಕಟ್ಟಿಲ್ಲದ ನದಿ, ಕೆಸರನ್ನೇ ನಂಬಿದ ಜನ, ದೂರದಿಂದ ಬರುವ ಹಕ್ಕಿ, ಮೂರೂ ಒಂದೇ ಕಡೆ ಸಿಗುವುದು ನಮ್ಮ ನಾಡಿನಲ್ಲಿ ಈಗ ಅಪರೂಪ.

ಕೆಸರಿನಲ್ಲಿ ಹಕ್ಕಿ ಊಟ ಹುಡುಕುವ ರೀತಿ ಗೊತ್ತಿದ್ದರೆ ಪ್ರಯಾಣದ ಅರ್ಧ ಯೋಜನೆ ತಾನಾಗಿ ಮುಗಿಯುತ್ತದೆ. ಪ್ಲೋವರ್‌ಗಳದ್ದು ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ಕೆಸರ ಮೇಲೆ ಏನಾದರೂ ಅಲುಗಿದರೆ ಕುಕ್ಕುತ್ತವೆ. ಸ್ಯಾಂಡ್‌ಪೈಪರ್‌ಗಳಿಗೆ ಕಣ್ಣು ಅಷ್ಟು ಬೇಕಿಲ್ಲ. ಅವುಗಳ ಕೊಕ್ಕಿನ ತುದಿಯಲ್ಲಿ ಒತ್ತಡ ಗ್ರಹಿಸುವ ಸೂಕ್ಷ್ಮ ಅಂಗಗಳು ಗುಂಪಾಗಿವೆ. ನೆದರ್ಲೆಂಡ್ಸ್‌ನ ಥ್ಯೂನಿಸ್ ಪಿಯರ್ಸ್ಮಾ ಮತ್ತು ಸಂಗಡಿಗರು ರೆಡ್ ನಾಟ್ ಎಂಬ ಹಕ್ಕಿಯ ಮೇಲೆ ಪ್ರಯೋಗ ಮಾಡಿ 1998ರಲ್ಲಿ ಒಂದು ವಿಸ್ಮಯದ ಸಂಗತಿ ಹೇಳಿದರು. ಒದ್ದೆ ಮರಳಲ್ಲಿ ಹೂತಿಟ್ಟ ಕಲ್ಲನ್ನೂ ಆ ಹಕ್ಕಿ ಪತ್ತೆ ಮಾಡುತ್ತಿತ್ತು. ಕಲ್ಲಿಗೆ ವಾಸನೆಯಿಲ್ಲ, ಚಲನೆಯಿಲ್ಲ. ಕೊಕ್ಕು ಚುಚ್ಚಿದಾಗ ಮರಳಕಣಗಳ ನಡುವಿನ ನೀರು ಪಕ್ಕಕ್ಕೆ ಒತ್ತಲ್ಪಡುತ್ತದೆ. ಹತ್ತಿರ ಗಟ್ಟಿ ವಸ್ತುವಿದ್ದರೆ ಆ ಒತ್ತಡದ ಹರಡಿಕೆ ಬದಲಾಗುತ್ತದೆ. ಹಕ್ಕಿಗೆ ತಿಳಿಯುವುದು ಆ ವ್ಯತ್ಯಾಸ. ಮರಳು ಒಣಗಿದ್ದರೆ ಈ ವಿದ್ಯೆ ನಡೆಯುವುದಿಲ್ಲ.

ಆದ್ದರಿಂದ ಕೆಸರು ಒದ್ದೆಯಾಗಿ, ಆದರೆ ಮುಳುಗದೆ ಇರುವ ಕೆಲವು ಗಂಟೆಗಳು ಮಾತ್ರ ಈ ಹಕ್ಕಿಗಳ ಊಟದ ಹೊತ್ತು. ಆ ಹೊತ್ತನ್ನು ಗೊತ್ತುಮಾಡುವವನು ಚಂದ್ರ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಕೆರೆಯ ಹಕ್ಕಿ ನೋಡಿ ರೂಢಿಯಾದವರು ಸೂರ್ಯೋದಯಕ್ಕೆ ಸರಿಯಾಗಿ ಅಳಿವೆಗೆ ಬಂದು, ತುಂಬಿದ ನೀರು ನೋಡಿ, ಇಲ್ಲಿ ಹಕ್ಕಿಯೇ ಇಲ್ಲ ಎಂದು ಹಿಂತಿರುಗುವುದುಂಟು. ಅದೇ ಜಾಗಕ್ಕೆ ಹನ್ನೊಂದಕ್ಕೆ ಬಂದಿದ್ದರೆ ಬಯಲ ತುಂಬ ಹಕ್ಕಿ ಕಾಣುತ್ತಿದ್ದವು.

ಇಲ್ಲಿ ಪಂಚಾಂಗ ನೆರವಿಗೆ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ರೇಖೆಯಲ್ಲಿ ಸೇರಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ವಿಷುವದ ಆಸುಪಾಸು, ಅಂದರೆ ಸೆಪ್ಟೆಂಬರ್ ಕೊನೆಯ ವೇಳೆಗೆ, ದೊಡ್ಡ ಉಬ್ಬರಗಳು ಇನ್ನಷ್ಟು ದೊಡ್ಡವಾಗುತ್ತವೆ. ನಮ್ಮ ಹಬ್ಬಗಳೆಲ್ಲ ತಿಥಿಗೆ ಕಟ್ಟುಬಿದ್ದಿರುವುದರಿಂದ ಇದನ್ನು ನೆನಪಿಡುವುದು ಸುಲಭ. ಮಹಾಲಯ ಅಮಾವಾಸ್ಯೆ, ಶೀಗಿ ಹುಣ್ಣಿಮೆ, ದೀಪಾವಳಿ ಅಮಾವಾಸ್ಯೆ, ಮೂರೂ ದೊಡ್ಡ ಇಳಿತದ ದಿನಗಳು. ದಸರೆಯ ರಜೆ ಮಾತ್ರ ದುರ್ಗಾಷ್ಟಮಿಯ ಸುತ್ತ ಬರುತ್ತದೆ, ಏರಿಳಿತ ತೀರಾ ಕಡಿಮೆಯಿರುವ ವಾರದಲ್ಲಿ. ಆಗ ಕೆಸರುಬಯಲು ಅಷ್ಟಾಗಿ ತೆರೆದುಕೊಳ್ಳುವುದಿಲ್ಲ, ಇಳಿತವೂ ಬೆಳಿಗ್ಗೆ ತಡವಾಗಿ, ಬಿಸಿಲೇರಿದ ಮೇಲೆ ಬರುತ್ತದೆ.

ಉತ್ತರ ಕನ್ನಡದ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳಂದು ಉಬ್ಬರ ನಡುಹಗಲಿನ ಸುಮಾರಿಗೆ, ಇಳಿತ ಬೆಳಗಿನ ಜಾವ ಮತ್ತು ಸಂಜೆ ಬರುತ್ತದೆ. ಒಂದೆರಡು ದಿನ ಕಳೆದರೆ ಬೆಳಗಿನ ಇಳಿತ ಸೂರ್ಯೋದಯದ ಆಚೀಚೆಗೆ ಸರಿಯುತ್ತದೆ. ಪಾಡ್ಯದಿಂದ ತದಿಗೆಯವರೆಗಿನ ಆ ಮೂರು ಬೆಳಗುಗಳಿಗಿಂತ ಒಳ್ಳೆಯ ಹೊತ್ತು ನನಗೆ ಗೊತ್ತಿಲ್ಲ. ಇದು ಅಂದಾಜಿನ ಲೆಕ್ಕ. ನದೀಮುಖದಿಂದ ಒಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ. ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯೂ ಮುನ್ಸೂಚನೆ ಕೊಡುತ್ತದೆ. ಹೊರಡುವ ಮೊದಲು ಅದನ್ನು ನೋಡಿ, ಊರಿಗೆ ಹೋದ ಮೇಲೆ ಬಳಚು ತೆಗೆಯುವವರನ್ನು ಕೇಳಿ. ಕೆಸರಿಗೆ ಯಾವಾಗ ಇಳಿಯಬೇಕೆಂಬುದು ಅವರಿಗೆ ಕೋಷ್ಟಕಕ್ಕಿಂತ ಚೆನ್ನಾಗಿ ಗೊತ್ತು.

ಇಳಿಯುವ ನೀರಿಗಿಂತ ಏರುವ ನೀರು ಒಳ್ಳೆಯದು. ಇಳಿಯುವಾಗ ಹಕ್ಕಿಗಳು ನೀರಿನಂಚನ್ನೇ ಹಿಂಬಾಲಿಸಿ ದೂರ ಹೋಗುತ್ತವೆ. ಏರುವಾಗ ನೀರೇ ಅವನ್ನು ನಿಮ್ಮ ಕಡೆ ತರುತ್ತದೆ. ಬಯಲಿನ ಮೇಲಂಚಿನಲ್ಲಿ, ಸೂರ್ಯ ಬೆನ್ನಿಗಿರುವಂತೆ ಜಾಗ ಹಿಡಿದು ಅಲುಗದೆ ಕೂತರೆ ಸಾಕು. ಮೊದಲು ದೂರದಲ್ಲಿ ಚುಕ್ಕಿಗಳು, ಆಮೇಲೆ ಕಾಲು, ಕೊಕ್ಕು, ಕೊನೆಗೆ ಬೆನ್ನ ಮೇಲಿನ ಗರಿಯ ಅಂಚೂ ಕಾಣುತ್ತದೆ. ಕೆಸರಿಗೆ ಮಾತ್ರ ಇಳಿಯಬೇಡಿ. ಹಕ್ಕಿ ಏಳುತ್ತದೆ ಎಂಬುದಷ್ಟೇ ಅಲ್ಲ, ಗೊತ್ತಿಲ್ಲದ ಕೆಸರಿನಲ್ಲಿ ಕಾಲು ಹೂತರೆ ಏರುವ ನೀರು ಕಾಯುವುದಿಲ್ಲ.

ಉಬ್ಬರ ತುಂಬಿದ ಮೇಲೆ ಹಕ್ಕಿಗಳು ಎತ್ತರದ ಮರಳದಿಬ್ಬದಲ್ಲೋ ಗಜನಿಯ ಬದುವಿನಲ್ಲೋ ಒತ್ತೊತ್ತಾಗಿ ಸೇರಿ, ಒಂಟಿಕಾಲಲ್ಲಿ ನಿಂತು ವಿಶ್ರಮಿಸುತ್ತವೆ. ಫೋಟೋ ತೆಗೆಯುವ ಆಸೆ ಹೆಚ್ಚಾಗುವುದೂ ಆಗಲೇ, ಅವನ್ನು ಬಿಟ್ಟುಬಿಡಬೇಕಾದದ್ದೂ ಆಗಲೇ. ಅಲಾಸ್ಕಾದಿಂದ ಹೊರಟ ಬಾರ್‌ಟೇಲ್ಡ್ ಗಾಡ್‌ವಿಟ್ ಹಕ್ಕಿಗಳನ್ನು ಪರೀಕ್ಷಿಸಿದಾಗ, ದೂರದ ಹಾರಾಟಕ್ಕೆ ಮೊದಲು ಅವು ಮೈತುಂಬ ಕೊಬ್ಬು ತುಂಬಿಕೊಂಡು ಜಠರ, ಕರುಳು, ಯಕೃತ್ತುಗಳನ್ನು ಕುಗ್ಗಿಸಿಕೊಂಡಿರುವುದು ತಿಳಿದುಬಂತು. ಹಾರುವಾಗ ಆ ಅಂಗಗಳು ಬರೀ ಹೊರೆ. ತಲುಪಿದ ಮೇಲೆ ಅವನ್ನು ಮತ್ತೆ ಬೆಳೆಸಿಕೊಳ್ಳಬೇಕು. ಶರತ್ಕಾಲದಲ್ಲಿ ಈಗಷ್ಟೇ ಇಳಿದ ಹಕ್ಕಿಯಲ್ಲಿ ಶೇಖರಿಸಿದ ಕೊಬ್ಬು ಬಹುಪಾಲು ಮುಗಿದಿರುತ್ತದೆ. ಹಿಂಡನ್ನು ಎಬ್ಬಿಸಿದಾಗಲೆಲ್ಲ ಅದು ಉಳಿದದ್ದನ್ನೂ ಖರ್ಚು ಮಾಡುತ್ತದೆ. ಡ್ರೋನ್ ಹಾರಿಸಿ ಹಿಂಡು ಏಳುವ ವಿಡಿಯೋ ಮಾಡುವವರಿಗೆ ಇದನ್ನು ಎದುರಿಗೇ ಹೇಳಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2024ರ ಅಕ್ಟೋಬರಿನಲ್ಲಿ ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿಯನ್ನು ಪರಿಷ್ಕರಿಸಿದಾಗ 16 ಜಾತಿಯ ದಂಡೆಹಕ್ಕಿಗಳನ್ನು ಇನ್ನೂ ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಲಾಯಿತು. ಕರ್ಲ್ಯೂ ಸ್ಯಾಂಡ್‌ಪೈಪರ್ ಮತ್ತು ಗ್ರೇ ಪ್ಲೋವರ್ ಅದರಲ್ಲಿವೆ. ಇವೆರಡೂ ನಮ್ಮ ಕರಾವಳಿಗೆ ಬರುವ ಹಕ್ಕಿಗಳು.

ಸಾಮಾನು ಹೆಚ್ಚು ಬೇಡ. 8×42 ಬೈನಾಕ್ಯುಲರ್, ಯಾರಾದರೂ ಕೊಟ್ಟರೆ ಒಂದು ಸ್ಪಾಟಿಂಗ್ ಸ್ಕೋಪ್, ಕೊಡೆ, ನೋಟ್‌ಬುಕ್. ಕುಮಟಾದಲ್ಲಿ ಉಳಿದುಕೊಂಡರೆ ತದಡಿಗೂ ಅಘನಾಶಿನಿ ಊರಿಗೂ ಹೋಗಿಬರಬಹುದು. ನಡುವೆ ದಾಟಲು ತಾರಿ ಇದೆ. ಹಕ್ಕಿಯ ಕಾಲಲ್ಲಿ ಬಣ್ಣದ ಪಟ್ಟಿ ಕಂಡರೆ ಬಣ್ಣ, ಯಾವ ಕಾಲು, ಅಕ್ಷರ ಓದಲಾದರೆ ಅದನ್ನೂ ಬರೆದುಕೊಂಡು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ (ಬಿಎನ್‌ಎಚ್‌ಎಸ್) ತಿಳಿಸಿ. ಮಹಾಲಯ ಅಮಾವಾಸ್ಯೆಗೆ ಹೊರಡಲಾಗದವರು ಶೀಗಿ ಹುಣ್ಣಿಮೆಗೆ ಹೋಗಬಹುದು. ಅದೂ ತಪ್ಪಿದರೆ ದೀಪಾವಳಿಯ ಮರುದಿನಗಳಿವೆ. ಅಷ್ಟರಲ್ಲಿ ಎದೆಯ ಕೆಂಪು ಹೋಗಿ ಮರಿಗಳ ಗರಿಯಂಚು ಸವೆಯತೊಡಗಿರುತ್ತದೆ. ಆದರೆ ಮಳೆಯ ಕಾಟ ತಗ್ಗಿರುತ್ತದೆ, ಲಡಾಖಿನ ಸರೋವರಗಳಲ್ಲಿ ಮರಿ ಮಾಡಿದ ಕಂದುತಲೆಯ ಕಡಲಹಕ್ಕಿಗಳು ತದಡಿ ಬಂದರಿನ ಮೀನುದೋಣಿಗಳ ಸುತ್ತ ಬರತೊಡಗಿರುತ್ತವೆ.