ಅರ್ಚಕರಿಗೆ ಅಮೆರಿಕದ ಪ್ರವೇಶ

ಮುಂಬಯಿಯಲ್ಲಿರುವ ನಮಗೆ ಪೂಜೆಗೆ ಪುರೋಹಿತರು ಬೇಕಾದರೆ ಉಡುಪಿಗೋ ಕುಂದಾಪುರಕ್ಕೋ ಹೇಳಿಕಳುಹಿದರೆ ಸಾಕು; ರೈಲು ಹತ್ತಿ ಮರುದಿನ ಬಂದಿಳಿಯುತ್ತಾರೆ. ಅಮೆರಿಕದಲ್ಲಿ ನೆಲೆಸಿದ ನಮ್ಮ ಬಂಧುಗಳಿಗೆ ಈ ಸೌಕರ್ಯವಿಲ್ಲ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ 1977ರಲ್ಲಿ ಗಣಪತಿಯ ಪ್ರತಿಷ್ಠೆಯಾಯಿತು. ತರುವಾಯ ಆ ದೇಶದಲ್ಲಿ ದೇವಾಲಯಗಳು ಒಂದರ ಹಿಂದೊಂದು ಎದ್ದುವು. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನವೇ ಇದೆ. ವಿಗ್ರಹಗಳು ಕಡಲು ದಾಟಿದಷ್ಟು ಸುಲಭವಾಗಿ ಅರ್ಚಕರು ದಾಟಲಾರರು. ಸಮುದ್ರೋಲ್ಲಂಘನ ಸಲ್ಲದೆಂದು 2008ರ ಪರ್ಯಾಯದ ವೇಳೆಗೆ ಎದ್ದ ವಿವಾದ ವಾಚಕರಿಗೆ ನೆನಪಿರಬಹುದು. ಆದರೆ ನಾವು ಹೇಳಹೊರಟ ತಡೆ ಶಾಸ್ತ್ರದ್ದಲ್ಲ, ಕಚೇರಿಯದು.

ಧಾರ್ಮಿಕ ಕಾರ್ಯಕರ್ತರಿಗೆಂದು ‘ಆರ್-1’ ಎಂಬ ವೀಸಾವನ್ನು ಅಲ್ಲಿನ 1990ರ ಕಾಯಿದೆಯು ಏರ್ಪಡಿಸಿತು. ಮೊದಲು 30 ತಿಂಗಳು, ಒಟ್ಟಿನಲ್ಲಿ 5 ವರ್ಷ. ಅರ್ಜಿ ಹಾಕತಕ್ಕದ್ದು ದೇವಾಲಯ. 2008ರ ನಿಯಮಗಳಂತೆ ಅಧಿಕಾರಿಗಳು ಸ್ಥಳಕ್ಕೇ ಬಂದು ತನಿಖೆ ಮಾಡಬಹುದು. ಬರುವವರು 2 ವರ್ಷಗಳಿಂದ ಅದೇ ಪಂಥಕ್ಕೆ ಸೇರಿದವರಾಗಿರಬೇಕು; ಅರ್ಚಕಪದವಿಗೆ ತಕ್ಕ ಶಿಕ್ಷಣವನ್ನೂ ರುಜುವಾತುಪಡಿಸಬೇಕು. ತೊಡಕು ಇಲ್ಲಿಯೇ. ಕ್ರೈಸ್ತ ಪಾದ್ರಿಗಳಿಗೆ ಸೆಮಿನರಿಯ ಪ್ರಮಾಣಪತ್ರವಿರುತ್ತದೆ, ದೀಕ್ಷೆಯ ದಾಖಲೆಯಿರುತ್ತದೆ. ತಂದೆಯೆದುರು ಕುಳಿತು ವೇದವನ್ನು ಕಂಠಸ್ಥ ಮಾಡಿದವನಿಗೆ ಯಾರ ಮುದ್ರೆ? ದೀಕ್ಷಾವಿಧಿಯಿಲ್ಲದ ಮತಗಳಿಗೆ ಸಮಾನವಾದ ಅರ್ಹತೆಯನ್ನು ಕಾನೂನು ಒಪ್ಪುತ್ತದೆ, ನಿಜ. ಆದರೆ ಆ ಸಮಾನತೆಯನ್ನು ಕಾಗದದ ಮೇಲೆ ತೋರಿಸುವ ಹೊಣೆ ದೇವಾಲಯದ್ದು. ನೈವೇದ್ಯದ ಅಡಿಗೆಯವರ ವಿಚಾರ ಇನ್ನೂ ವಿಚಿತ್ರ. ಮಡಿಯುಟ್ಟು ಬೇಯಿಸುವುದು ನಮಗೆ ಪೂಜೆಯ ಅಂಗ. ಪೋಷಕ ಕೆಲಸಗಳನ್ನು ಧಾರ್ಮಿಕವೆಂದು ಗಣಿಸದ ಕಾನೂನಿಗೆ ಅದನ್ನು ವಿವರಿಸುವುದು ಹೇಗೆ?

ಹಾಗೆಂದು ಅಲ್ಲಿನ ಸರಕಾರದ ಸಂಶಯವೆಲ್ಲ ನಿರಾಧಾರವೆನ್ನುವಂತಿಲ್ಲ. ನ್ಯೂಜೆರ್ಸಿಯ ದೇವಾಲಯವೊಂದರ ನಿರ್ಮಾಣಕ್ಕೆ ಇದೇ ವೀಸಾದ ಮೇಲೆ ಹೋದ ಕಾರ್ಮಿಕರು ತಮ್ಮ ದುಡಿಮೆಗೆ ತಕ್ಕ ಕೂಲಿ ಸಿಕ್ಕಿಲ್ಲವೆಂದು 2021ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು.

ಐದು ವರ್ಷಗಳೊಳಗೆ ಕಾಯಂ ವಾಸದ ಹಕ್ಕು ದೊರೆತರೆ ಸರಿ. ಅದು ಬರುವ ವರ್ಗಕ್ಕೆ ವರ್ಷಕ್ಕೆ ಸುಮಾರು 10,000 ಸ್ಥಾನಗಳು ಮಾತ್ರ, ಅದರಲ್ಲಿಯೂ ಬೇರೆಯವರ ಪಾಲಿದೆ. 2023ರಲ್ಲಿ ಎಣಿಕೆಯ ಕ್ರಮ ಬದಲಾದಂದಿನಿಂದ ಸರದಿ ಬಹಳ ಉದ್ದವಾಯಿತು. ಅವಧಿ ಮುಗಿದವರು ಒಂದು ವರ್ಷ ಹೊರಗಿದ್ದೇ ಮರಳಬೇಕೆಂಬ ನಿಯಮವನ್ನು 2026ರ ಜನವರಿಯಲ್ಲಿ ತೆಗೆದದ್ದು ದೊಡ್ಡ ಉಪಕಾರ. ಆದರೂ ದೇಶ ಬಿಟ್ಟು ಹೊರಡುವುದು ತಪ್ಪಿಲ್ಲ. ಹೊಸ ವೀಸಾ ಪಡೆದೇ ತಿರುಗಿ ಬರಬೇಕು.

ಅರ್ಚಕರ ಪತ್ನಿಗೆ ಅಲ್ಲಿ ಉದ್ಯೋಗ ಮಾಡುವ ಅನುಮತಿಯಿಲ್ಲ. ಮಕ್ಕಳು 21 ತುಂಬಿದೊಡನೆ ತಂದೆಯ ವೀಸಾದ ಆಶ್ರಯ ಕಳೆದುಕೊಳ್ಳುತ್ತಾರೆ. ಐದನೆಯ ವರ್ಷ ಸಮೀಪಿಸಿದಾಗ ದೇವಾಲಯದ ಸಮಿತಿಯವರು ವಕೀಲರನ್ನು ಕಂಡು ಮತ್ತೊಂದು ಅರ್ಜಿಗೆ ಶುಲ್ಕ ಕಟ್ಟಬಹುದು. ಮಕ್ಕಳನ್ನು ಮುಂದಿನ ವರ್ಷ ಯಾವ ದೇಶದ ಶಾಲೆಗೆ ಸೇರಿಸುವುದೆಂದು ಮನೆಯಲ್ಲಿ ಕುಳಿತು ಯೋಚಿಸುವವರು ಅರ್ಚಕ ದಂಪತಿಗಳು.