206 ಹೆಜ್ಜೆಯ ಎಫ್‌ಎಂ ಸ್ಕ್ಯಾನರ್

ಉಗುರಿನಗಲದ ಒಂದು ಟಿಇಎ5767 ಎಫ್‌ಎಂ ಮಾಡ್ಯೂಲ್, ಒಂದು ಆರ್ಡುಯಿನೊ ಬೋರ್ಡು, ನಾಲ್ಕಾರು ಜಂಪರ್ ವೈರು, ಆಂಟೆನಾಗೆ ಮುಕ್ಕಾಲು ಮೀಟರ್ ತಂತಿ, ಕಂಪ್ಯೂಟರಿಗೆ ಜೋಡಿಸಲು ಯುಎಸ್‌ಬಿ ಕೇಬಲ್. ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳು ಇಷ್ಟರಲ್ಲೇ ಒಂದು ನಿಜವಾದ ರೇಡಿಯೊ ಸ್ಕ್ಯಾನರ್ ಕಟ್ಟಬಹುದು. ತಂತಿ ಮುಕ್ಕಾಲು ಮೀಟರೇ ಏಕೆಂದರೆ, 100 ಮೆಗಾಹರ್ಟ್ಸ್ ಅಲೆಯ ಉದ್ದ ಮೂರು ಮೀಟರ್. ಅದರ ಕಾಲು ಭಾಗದಷ್ಟು ತಂತಿ ಆ ಅಲೆಗೆ ಚೆನ್ನಾಗಿ ಸ್ಪಂದಿಸುತ್ತದೆ.

ಡಿಜಿಟಲ್ ಟಿವಿಗೆಂದು ತಯಾರಾದ ಅಗ್ಗದ ಡಾಂಗಲ್‌ಗಳನ್ನು ರೇಡಿಯೊ ಗ್ರಾಹಕಗಳಾಗಿ ಬಳಸಬಹುದೆಂದು 2012ರ ಹೊತ್ತಿಗೆ ಹವ್ಯಾಸಿಗಳು ತೋರಿಸಿಕೊಟ್ಟರು. ಅಂಥದ್ದನ್ನು ಚುಚ್ಚಿದರೆ ಎರಡು ಮೆಗಾಹರ್ಟ್ಸ್‌ಗಿಂತ ಹೆಚ್ಚು ಅಗಲದ ಪಟ್ಟಿ ಒಮ್ಮೆಗೇ ಪರದೆಯ ಮೇಲೆ ಬರುತ್ತದೆ. ಉಪಯುಕ್ತ ಸಾಧನವೇ, ಅನುಮಾನವಿಲ್ಲ. ಆದರೆ ಅದರಲ್ಲಿ ಬಹುಪಾಲು ಕೆಲಸವನ್ನು ಬೇರೆಯವರು ಬರೆದ ಸಾಫ್ಟ್‌ವೇರ್ ಮುಗಿಸಿಟ್ಟಿರುತ್ತದೆ. ಕಲಿಯುವವರು ಮೊದಲು ಒಂದೊಂದೇ ಕಂಪನಾಂಕಕ್ಕೆ ಹೋಗಿ, ನಿಂತು, ಅಳೆದು, ಮುಂದೆ ಸರಿಯುವ ಯಂತ್ರವನ್ನು ಕೈಯಾರೆ ಕಟ್ಟಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಫ್‌ಎಂ ಪಟ್ಟಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿರುವುದು ಎಲ್ಲರಿಗಾಗಿ ಬಿತ್ತರವಾಗುವ ದನಿ. ಪೊಲೀಸರ, ವಿಮಾನ ನಿಲ್ದಾಣದವರ ಸಂಭಾಷಣೆಗೆ ಕಿವಿಗೊಡುವ ಯೋಜನೆಗಳನ್ನು ಕಾಲೇಜಿನವರು ಒಪ್ಪಲೇಬಾರದು.

ಮಾಡ್ಯೂಲ್ ಒಳಗಿರುವುದು ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ರೂಪಿಸಿದ ಸೂಪರ್‌ಹೆಟರೊಡೈನ್ ತತ್ವ. ಎಫ್‌ಎಂ ಪ್ರಸಾರವನ್ನು ಬೆಳೆಸಿದವರೂ ಅವರೇ. ಹೊರಗಿನಿಂದ ಬಂದ ಅಲೆಗೆ ಚಿಪ್ ತನ್ನದೇ ಒಂದು ಅಲೆಯನ್ನು ಬೆರೆಸುತ್ತದೆ. ಎರಡರ ವ್ಯತ್ಯಾಸ 225 ಕಿಲೋಹರ್ಟ್ಸ್ ಆಗಿದ್ದರೆ ಮಾತ್ರ ಮುಂದಿನ ಫಿಲ್ಟರ್ ಅದನ್ನು ಒಳಗೆ ಬಿಡುತ್ತದೆ. ಹಾಗಾಗಿ ನಿಲಯ ಬದಲಿಸುವುದೆಂದರೆ ಒಳಗಿನ ಅಲೆಯ ಕಂಪನಾಂಕವನ್ನು ಬದಲಿಸುವುದಷ್ಟೇ. ಅದನ್ನು ಹಿಡಿತದಲ್ಲಿಡುವುದು 32,768 ಹರ್ಟ್ಸ್‌ನ ಪುಟ್ಟ ಸ್ಫಟಿಕ, ಕೈಗಡಿಯಾರಗಳಲ್ಲಿ ಇರುವಂಥದ್ದೇ.

ಬೆಂಗಳೂರಿನ ಆಕಾಶವಾಣಿ ಕಾಮನಬಿಲ್ಲು ಬರುವುದು 101.3ರಲ್ಲಿ. ಅದಕ್ಕೆ 0.225 ಕೂಡಿಸಿದರೆ 101.525 ಮೆಗಾಹರ್ಟ್ಸ್. ಇದನ್ನು ಹರ್ಟ್ಸ್‌ನಲ್ಲಿ ಬರೆದು, ನಾಲ್ಕರಿಂದ ಗುಣಿಸಿ, 32,768ರಿಂದ ಭಾಗಿಸಿದರೆ ಪೂರ್ಣಾಂಕ 12,393 ಸಿಗುತ್ತದೆ. ಇದನ್ನು 256ರಿಂದ ಭಾಗಿಸಿ: ಭಾಗಲಬ್ಧ 48, ಶೇಷ 105. ಆರ್ಡುಯಿನೊ ಕಳಿಸುವ ಐದು ಬೈಟ್‌ಗಳಲ್ಲಿ ಮೊದಲೆರಡು ಇವೇ. ಕಳಿಸಿದ ಕೂಡಲೇ ಕಾಮನಬಿಲ್ಲು ಮಾತಾಡುತ್ತದೆ. ತಾನೇ ಲೆಕ್ಕ ಹಾಕಿದ ಎರಡು ಅಂಕಿಗಳಿಂದ ಒಂದು ನಿಲಯ ಹೊರಟಿತೆಂದರೆ, ತರಗತಿಯಲ್ಲಿ ಕಂಠಪಾಠ ಮಾಡಿದ ಬ್ಲಾಕ್ ಡಯಾಗ್ರಾಮ್‌ಗೆ ಮೊದಲ ಬಾರಿ ಜೀವ ಬರುತ್ತದೆ.

87.5ರಿಂದ 108ರವರೆಗೆ 0.1ರಂತೆ ಏರಿದರೆ 206 ನಿಲುಗಡೆ. ಪ್ರತಿಯೊಂದರಲ್ಲೂ 50 ಮಿಲಿಸೆಕೆಂಡ್ ಕಾದರೆ ಇಡೀ ಪಟ್ಟಿಗೆ ಹತ್ತು ಸೆಕೆಂಡಿಗಿಂತ ಚೂರು ಹೆಚ್ಚು ಬೇಕು. ಚಿಪ್ ವಾಪಸು ಕೊಡುವ ಸಿಗ್ನಲ್ ಬಲದ ಅಂಕಿ 0ಯಿಂದ 15ರೊಳಗೆ. ಅದನ್ನು ಸೀರಿಯಲ್ ಪೋರ್ಟ್ ಮೂಲಕ ಕಂಪ್ಯೂಟರಿಗೆ ಕಳಿಸಿ, ಪೈಥಾನ್‌ನಲ್ಲಿ ಗೆರೆ ಎಳೆಸಿದರೆ ಊರಿನ ಎಫ್‌ಎಂ ನಕ್ಷೆ ಸಿದ್ಧ.

ಹೆಚ್ಚಿನ ತಂಡಗಳು ಇಲ್ಲಿಗೇ ವರದಿ ಬರೆದು ಬೈಂಡಿಂಗ್‌ಗೆ ಕೊಡುತ್ತವೆ. ನಿಜವಾದ ಪ್ರಾಜೆಕ್ಟ್ ಶುರುವಾಗುವುದೇ ಇಲ್ಲಿಂದ, ಏಕೆಂದರೆ ಎದ್ದ ಗೆರೆಯೆಲ್ಲ ನಿಲಯವಲ್ಲ. ಬಲವಾದ ನಿಲಯದ ಅಕ್ಕಪಕ್ಕದ ನಿಲುಗಡೆಗಳಲ್ಲೂ ಅಂಕಿ ಏರುತ್ತದೆ. ನಟ್ಟನಡುವೆ ಯಾವುದೆಂದು ತಿಳಿಯಲು ಚಿಪ್ ಕೊಡುವ ಇನ್ನೊಂದು ಎಣಿಕೆಯನ್ನು ನೋಡಬೇಕು. ವ್ಯತ್ಯಾಸ ಸರಿಯಾಗಿ 225 ಕಿಲೋಹರ್ಟ್ಸ್ ಇದ್ದಾಗ ಅದು 55ರ ಆಸುಪಾಸು ನಿಲ್ಲುತ್ತದೆ.

ಇನ್ನು ಭೂತಗಳು. ಒಳಗಿನ ಅಲೆ 101.525ರಲ್ಲಿದ್ದಾಗ 101.3 ಅಷ್ಟೇ ಅಲ್ಲ, 101.75 ಕೂಡ ಅದರಿಂದ 225 ಕಿಲೋಹರ್ಟ್ಸ್ ದೂರದಲ್ಲೇ ಇದೆ. ಚಿಪ್ ಈ ಬಿಂಬವನ್ನು ತಕ್ಕಮಟ್ಟಿಗೆ ಅದುಮುತ್ತದೆ, ಪೂರ್ತಿಯಾಗಿ ಅಲ್ಲ. ಆದ್ದರಿಂದ ಪ್ರಬಲ ನಿಲಯವೊಂದು ತನ್ನ ಜಾಗಕ್ಕಿಂತ 0.45 ಮೆಗಾಹರ್ಟ್ಸ್ ಕೆಳಗೂ ತಲೆ ತೋರಿಸಬಹುದು. ಇದಕ್ಕೆ ಸೊಗಸಾದ ಪರೀಕ್ಷೆಯುಂಟು: 225ನ್ನು ಕೂಡುವ ಬದಲು ಕಳೆದು, ಅದಕ್ಕೆ ತಕ್ಕ ಬಿಟ್ ಬದಲಿಸಿ, ಇನ್ನೊಮ್ಮೆ ಪಟ್ಟಿ ಓದಿಸುವುದು. ಅಸಲಿ ನಿಲಯ ಇದ್ದಲ್ಲೇ ಇರುತ್ತದೆ, ಬಿಂಬ ಮೇಲಿನ ಬದಿಗೆ ಜಿಗಿಯುತ್ತದೆ.

ಮೂರನೆಯ ತಲೆನೋವು ಲ್ಯಾಪ್‌ಟಾಪೇ. ಅದರ ಚಾರ್ಜರ್, ಯುಎಸ್‌ಬಿ ಗಡಿಯಾರ, ಪರದೆ ಎಲ್ಲವೂ ಸಣ್ಣ ಪ್ರಮಾಣದಲ್ಲಿ ರೇಡಿಯೊ ಅಲೆ ಸೂಸುತ್ತವೆ. ಆಂಟೆನಾ ಕಿತ್ತು ಓದಿಸಿ. ಆಗಲೂ ಕುಗ್ಗದ ಗೆರೆಯ ಮೂಲ ಹತ್ತಿರದಲ್ಲೇ ಇದೆ. ಚಾರ್ಜರ್ ತೆಗೆದು ಮತ್ತೊಮ್ಮೆ, ಕೇಬಲ್‌ಗೆ ಫೆರೈಟ್ ಮಣಿ ತೊಡಿಸಿ ಇನ್ನೊಮ್ಮೆ ಓದಿಸಿ. ಯಾವ ಬದಲಾವಣೆಗೆ ಯಾವ ಗೆರೆ ಇಳಿಯಿತೆಂದು ಬರೆದಿಟ್ಟ ಕೋಷ್ಟಕ, ಚಂದದ ಪೆಟ್ಟಿಗೆ ಮತ್ತು ಎಲ್‌ಇಡಿಗಳಿಗಿಂತ ಹೆಚ್ಚು ಅಂಕಕ್ಕೆ ಅರ್ಹ. ವೈವಾದಲ್ಲಿ ಪರೀಕ್ಷಕರು ಅದನ್ನೇ ಕೇಳಿ ನೋಡಬೇಕು.

ಇಷ್ಟಾದ ಮೇಲೆ ಪ್ರತಿ ಓದನ್ನೂ ಸಮಯದ ಸಮೇತ ಕಡತಕ್ಕೆ ಸೇರಿಸಿ, ಕೆಲವು ದಿನ ಯಂತ್ರವನ್ನು ಹಾಗೇ ಓಡಲು ಬಿಡಬಹುದು. ನೆಲದ ಬಳಿ ತಂಪು, ಮೇಲೆ ಬಿಸಿಗಾಳಿ ಇರುವ ಹೊತ್ತಿನಲ್ಲಿ ಎಫ್‌ಎಂ ಅಲೆಗಳು ಬಾಗಿ ಎಂದಿಗಿಂತ ದೂರ ಸಾಗುತ್ತವೆ. ಕರಾವಳಿಯ ಕಾಲೇಜುಗಳಿಗೆ ಈ ಪ್ರಯೋಗ ವಿಶೇಷವಾಗಿ ಒಪ್ಪುತ್ತದೆ, ಸಮುದ್ರದ ಮೇಲಿನ ಗಾಳಿಯಲ್ಲಿ ಇಂಥ ಪದರಗಳು ಸುಲಭವಾಗಿ ಕಟ್ಟಿಕೊಳ್ಳುತ್ತವೆ.