ಮನೆಯ ಚಿಕ್ಕ ಮೋಟಾರಿಗೆ ಹೊಸ ಬಿಡಿಭಾಗಗಳು

ಹಿಂದೆ ನಮ್ಮ ಮಸಗುಪ್ಪಿಯಂಥ ಊರುಗಳಲ್ಲಿ ಮನೆತನದ ಅಂತಸ್ತನ್ನು ಎತ್ತಿನ ಜೋಡಿಯಿಂದ ಅಳೆಯುವ ರೂಢಿಯಿತ್ತು. ಬಂಡಿಗೆ ಕೀಲೆಣ್ಣೆ ಹಾಕದೆ ಎತ್ತಿನ ಕೊರಳಿಗೆ ಗೆಜ್ಜೆಯ ಸರ ಕಟ್ಟುವವನನ್ನು ಕಂಡು ಹಿರಿಯರು ನಗುತ್ತಿದ್ದರು. ಈಗ ಅನೇಕ ಮನೆಗಳ ಮುಂದೆ ಚಿಕ್ಕ ಮೋಟಾರು ನಿಂತಿದೆ; ಆದರೆ ಆ ಹಳೆಯ ಮಾತು ಮಾತ್ರ ಹಳತಾಗಿಲ್ಲ.

ನಮ್ಮ ಅಣ್ಣನ ಮಗನು ಕಬ್ಬಿನ ಬಿಲ್ಲು ಬಂದೊಡನೆ ಒಂದು ಹಳೆಯ ಸ್ವಿಫ್ಟ್ ಡೀಸೆಲ್ ಗಾಡಿಯನ್ನು ಕೊಂಡನು. 2005ರಲ್ಲಿ ನಮ್ಮ ದೇಶಕ್ಕೆ ಬಂದ ಈ ಗಾಡಿ ತರುಣರ ಮನಸ್ಸನ್ನು ಸೆಳೆದುದರಲ್ಲಿ ಆಶ್ಚರ್ಯವಿಲ್ಲ. ಮೈ ಚಿಕ್ಕದು, ತಿರುವು ಚುರುಕು. ಫಿಯೆಟ್ ಕಂಪನಿಯ ರಚನೆಯಾದ ಇದರ 1,248 ಸಿ.ಸಿ. ಡೀಸೆಲ್ ಯಂತ್ರವು 2020ರಲ್ಲಿ ನಿಂತುಹೋದರೂ ಅದನ್ನು ಹೊತ್ತ ಗಾಡಿಗಳು ಇನ್ನೂ ಓಡುತ್ತಲಿವೆ.

ಹುಡುಗನು ಒಂದು ಯಾದಿಯನ್ನು ನನ್ನ ಮುಂದಿಟ್ಟನು. ಅಲಾಯ್ ಗಾಲಿ, ಗರ್ಜಿಸುವ ಸೈಲೆನ್ಸರು, ಗಾಡಿಯನ್ನು ಕೆಳಗಿಳಿಸುವ ಸ್ಪ್ರಿಂಗು, ಕಣ್ಣು ಕೋರೈಸುವ ಬಲ್ಬು, ಯಂತ್ರದ ಕಂಪ್ಯೂಟರನ್ನು ತಿದ್ದಿಸುವ ಖರ್ಚು.

"ಕಾಕಾ, ಗಾಡಿ ಜರಾ ಜೋರ ಹೋಗಬೇಕ್ರಿ."

"ಅದು ನಿಲ್ಲೂದು ಹೆಂಗ ಅನ್ನೂದು ಮೊದಲ ಬರಿಯಪಾ, ಓಡೂದು ಆಮ್ಯಾಲೆ," ಎಂದೆನು.

ಇದು ಮುದುಕರ ಅಂಜಿಕೆಯ ಮಾತಲ್ಲ; ಶುದ್ಧ ಲೆಕ್ಕ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಚಾಲಕನು ಕಂಡು ಕಾಲಿಡುವುದಕ್ಕೆ ಒಂದು ಸೆಕೆಂಡು ಹಿಡಿಯಿತೆಂದರೆ, ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ನಿಲ್ಲುವ ಹೊತ್ತಿಗೆ 35 ಮೀಟರು ಮೀರುತ್ತದೆ. ವೇಗ 80 ಆದರೆ ಅದು 55 ಮೀಟರನ್ನು ದಾಟುತ್ತದೆ. 100 ಆದರೆ 80 ಮೀಟರಿಗೂ ಹೆಚ್ಚು. ಕಬ್ಬಿನ ಹಂಗಾಮಿನ ರಾತ್ರಿಯಲ್ಲಿ ಹಿಂದೀಪವಿಲ್ಲದ ಟ್ರಾಲಿಯು ಮುಂದೆ ಕಾಣುವುದು ಎಷ್ಟು ದೂರದಿಂದ ಎಂಬುದನ್ನು ನಮ್ಮ ಕಡೆಯ ವಾಚಕರಿಗೆ ಹೇಳಬೇಕಾಗಿಲ್ಲ.

ಆದುದರಿಂದ ಮೊದಲ ಹಣವು ಟಾಯರಿಗೆ ಸಲ್ಲತಕ್ಕದ್ದು. ಟಾಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2215 ಎಂದಿದ್ದರೆ ಅದು 2015ರ 22ನೆಯ ವಾರದಲ್ಲಿ ತಯಾರಾದುದು. ಹಲ್ಲು ಉಳಿದಿದ್ದರೂ ಹಳೆಯ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಗಾಲಿಯನ್ನು ದೊಡ್ಡದು ಮಾಡುವುದಾದರೆ ಟಾಯರು ಸೇರಿ ಒಟ್ಟು ಎತ್ತರವು ಬದಲಾಗದಂತೆ ನೋಡಬೇಕು. ಸ್ವಿಫ್ಟಿನ 165/80 ಆರ್ 14 ಟಾಯರಿನ ಎತ್ತರ ಸುಮಾರು 620 ಮಿಲಿಮೀಟರು. ಅದೇ ಗಾಡಿಯ ಮೇಲುದರ್ಜೆಗೆ ಕಂಪನಿಯೇ ಕೊಟ್ಟ 185/65 ಆರ್ 15 ಟಾಯರಿನದು 622. ಈ ಬದಲಾವಣೆಯಿಂದ ಕೆಡುಕಿಲ್ಲ. ಆದರೆ ಅಂದಕ್ಕಾಗಿ ತೆಳ್ಳನೆಯ ಟಾಯರು ಹಾಕಿಸಿದರೆ ನಮ್ಮ ತಗ್ಗುದಿನ್ನೆಯ ರಸ್ತೆಯಲ್ಲಿ ಗಾಲಿಯ ಅಂಚೇ ಪೆಟ್ಟು ತಿನ್ನುವುದು.

ಎರಡನೆಯದು ಬ್ರೇಕು. ಈ ಗಾಡಿಯ ಮುಂದಿನ ಗಾಲಿಗಳಿಗೆ ಡಿಸ್ಕು, ಹಿಂದಿನವಕ್ಕೆ ಡ್ರಮ್ಮು. ಮುಂದಿನ ಪ್ಯಾಡುಗಳನ್ನು ಎರಡೂ ಕಡೆಗೆ ಜೊತೆಯಾಗಿಯೇ ಬದಲಾಯಿಸಬೇಕು. ಒಂದೇ ಕಡೆ ಹೊಸದಾದರೆ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ತೇವ ಸೇರಿದ ಎಣ್ಣೆ ಕಾದಾಗ ಒಳಗೆ ಆವಿಯಾಗಿ, ಪೆಡಲು ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ಖರ್ಚು ಅಲ್ಪ. ಬಿಟ್ಟರೆ ಆಗುವ ಹಾನಿ ಅಳತೆಗೆ ಸಿಗದು.

ಮೂರನೆಯದು ಶಾಕ್ ಅಬ್ಸಾರ್ಬರು. ಇದು ಸೋರುತ್ತಿದ್ದರೆ ಟಾಯರು ನೆಲವನ್ನು ಬಿಟ್ಟು ಕುಣಿಯುತ್ತದೆ. ಕುಣಿಯುವ ಟಾಯರು ಬ್ರೇಕಿನ ಮಾತು ಕೇಳದು. ಕೆಳಗಿಳಿಸುವ ಸ್ಪ್ರಿಂಗು ನಮ್ಮ ಊರಿಗೆ ಹೊಂದುವ ವಸ್ತುವಲ್ಲ. ಶಾಲೆಯ ಮುಂದಿನ ಉಬ್ಬೊಂದೇ ಅದರ ಹೊಟ್ಟೆಯನ್ನು ಉಜ್ಜಲು ಸಾಕು. ಬಾಯಿ ತೆರೆದ ಗಾಳಿ ಫಿಲ್ಟರಿನ ಮಾತೂ ಇಷ್ಟೇ. ಎರೆಭೂಮಿಯ ನುಣುಪು ಧೂಳು ಅದರೊಳಗೆ ನುಸುಳಿ ಸಿಲಿಂಡರನ್ನು ಸವೆಸುವುದು. ಕಾಗದದ ಫಿಲ್ಟರನ್ನು ವೇಳೆಗೆ ಸರಿಯಾಗಿ ಬದಲಿಸುವುದೇ ಲೇಸು.

ದೀಪದ ವಿಷಯದಲ್ಲಿ ಕಂಪನಿಯ 60/55 ವಾಟಿನ ಬಲ್ಬಿನ ಜಾಗದಲ್ಲಿ 100 ವಾಟಿನದನ್ನು ತುರುಕಿದರೆ ತಂತಿ ಕಾದು ಕರಗುವ ಭಯವುಂಟು. ಎದುರಿಗೆ ಬರುವವನ ಕಣ್ಣು ಕತ್ತಲಾಗುವುದಂತೂ ಖಂಡಿತ. ಮಂಕಾದ ಗಾಜನ್ನು ತಿಕ್ಕಿಸಿ, ದೀಪದ ದಿಕ್ಕನ್ನು ಸರಿಪಡಿಸಿದರೆ ಎಷ್ಟೋ ಬೆಳಕು ತಾನಾಗಿ ಬರುತ್ತದೆ.

ಇನ್ನು ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವಿರೋಧವಾಗಿ ಗಾಡಿಯನ್ನು ಮಾರ್ಪಡಿಸಲಾಗದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಕ್ರಮವಾದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಿದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆಯು ಅಪಘಾತದ ಪರಿಹಾರಕ್ಕೂ ಅಡ್ಡ ಬರಬಹುದು.

ಕೊಳ್ಳುವಾಗ ಎಚ್ಚರ ಬೇಕು. ಗೋಕಾಕದಲ್ಲಾಗಲಿ ಬೆಳಗಾವಿಯಲ್ಲಾಗಲಿ, ಪಕ್ಕಾ ಬಿಲ್ಲು ಕೊಡದ ಅಂಗಡಿಯ ಮಾಲು ಬೇಡ. ಬಿಡಿಭಾಗದ ಸಂಖ್ಯೆಯನ್ನು ಹಳೆಯದರ ಸಂಖ್ಯೆಯೊಡನೆ ತಾಳೆ ನೋಡಬೇಕು. ಬೆಲೆ ತೀರ ಅಗ್ಗವಾದಲ್ಲಿ ಸಂಶಯಪಡಬೇಕು. ಕಂಪನಿಯ ಮುದ್ರೆಯೇ ಬೇಕೆಂಬ ಹಟವೂ ಸಲ್ಲದು. ಹೆಸರಾಂತ ತಯಾರಕರ ಪ್ಯಾಡು, ಫಿಲ್ಟರುಗಳು ಕಡಿಮೆ ಬೆಲೆಗೆ ಅಷ್ಟೇ ಬಾಳಿಕೆ ಕೊಡುತ್ತವೆ.

ಹುಡುಗನು ಒಂದು ದಿನ ಮೋರೆ ಊದಿಸಿಕೊಂಡಿದ್ದು, ಮರುದಿನ ಹೊಸ ಯಾದಿ ಬರೆದನು. ನಾಲ್ಕು ಟಾಯರು, ಮುಂದಿನ ಪ್ಯಾಡು, ಬ್ರೇಕಿನ ಎಣ್ಣೆ, ಒಂದು ಜೊತೆ ಶಾಕ್ ಅಬ್ಸಾರ್ಬರು. ಸೈಲೆನ್ಸರಿನ ಹಣ ಉಳಿಯಿತು. ಈಗ ಆ ಗಾಡಿ ಬಂದದ್ದು ಓಣಿಗೆಲ್ಲ ಕೇಳಿಸುವುದಿಲ್ಲ. ಆದರೆ ಅವನು ತಡವಾಗಿ ಬರುವ ರಾತ್ರಿ ನಮ್ಮ ಅತ್ತಿಗೆಯವರು ಮೊದಲಿನಂತೆ ಬಾಗಿಲಲ್ಲಿ ನಿಂತು ಕಾಯುವುದಿಲ್ಲ. ಊಟಕ್ಕೆ ಮುಚ್ಚಿಟ್ಟು ಮಲಗುತ್ತಾರೆ.